ಕಸ ತಡೆಯಲು ಇಟ್ಟ ಕಲ್ಲು

ಪಕ್ಕದ ಖಾಲಿ ಸೈಟನ್ನು ನಾವು ಕೊಂಡ ದಿನ ಬೀದಿಯವರೆಲ್ಲ ಮನೆಗೆ ಬಂದು ಸಿಹಿ ತಿಂದು ಹೋದರು. ಅವರು ನನ್ನ ಜೊತೆ ನೆಟ್ಟಗೆ ಮಾತಾಡಿದ ಕೊನೆಯ ದಿನ ಅದು. ಅಲ್ಲಿ ಮನೆ ಕಟ್ಟುವುದಿಲ್ಲ, ಗಿಡಗಂಟಿಗೆ, ಹಕ್ಕಿಪಕ್ಷಿಗೆ ಬಿಟ್ಟುಬಿಡುತ್ತೇವೆ ಎಂದು ನಾನು ಬಾಯಿಬಿಟ್ಟಿದ್ದೇ ತಪ್ಪಾಯಿತು. ಅರ್ಧ ಮೈಸೂರುಪಾಕು ಬಾಯಲ್ಲಿಟ್ಟುಕೊಂಡಿದ್ದ ಎದುರುಮನೆಯವರು ಅಗಿಯುವುದನ್ನು ನಿಲ್ಲಿಸಿ ನಮ್ಮವರ ಮುಖ ನೋಡಿದರು. ಹೆಂಗಸಿಗೆ ತಲೆ ಕೆಟ್ಟಿದ್ದರೆ ಗಂಡಸಾದರೂ ಬುದ್ಧಿ ಹೇಳಬೇಡವೇ ಎನ್ನುವ ನೋಟ. ನಮ್ಮವರು ‘ಇನ್ನೊಂದು ತಗೊಳ್ಳಿ ಸಾರ್’ ಎಂದು ತಟ್ಟೆ ಮುಂದೆ ಮಾಡಿದರು.

ಇದು ತೊಂಬತ್ತರ ದಶಕದ ಆರಂಭದ ಮಾತು. ಹನುಮಂತನಗರದ ಗುಡ್ಡದ ಇಳಿಜಾರಿನಲ್ಲಿ ನಮ್ಮ ಮನೆ. ನಾನು ಬಸವನಗುಡಿ ಕಡೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಟೀಚರು, ನಮ್ಮವರು ಕಚೇರಿಯೊಂದರಲ್ಲಿ ಗುಮಾಸ್ತರು. ಮಕ್ಕಳಿಲ್ಲ. ‘ಮಕ್ಕಳಿಲ್ಲದೋರಿಗೆ ಎರಡೆರಡು ಸೈಟು ಯಾಕಂತೆ?’ ಎಂದು ಮೂಲೆಮನೆಯ ಅಮ್ಮ ನಲ್ಲಿ ಹತ್ತಿರ ಕೇಳಿದ್ದು ನನ್ನ ಕಿವಿಗೂ ಬಿತ್ತು. ಬೀಳಲಿ ಅಂತಲೇ ಕೇಳಿದ್ದು, ಬಿಡಿ.

ಯಾಕೆ ಅಂತ ಹೇಳುತ್ತೇನೆ. ನಾನು ಚಿಕ್ಕವಳಿದ್ದಾಗ ಚಾಮರಾಜಪೇಟೆಯಿಂದ ಅಪ್ಪನ ಕೈ ಹಿಡಿದು ಈ ಗುಡ್ಡಕ್ಕೆ ಬರುತ್ತಿದ್ದೆ. ಆಗ ಇಲ್ಲೆಲ್ಲ ಬಂಡೆ, ಬಂಡೆಯ ಸಂದಿಯಲ್ಲಿ ಕುರುಚಲು, ಮಳೆ ಬಂದರೆ ಗುಂಡಿಗಳಲ್ಲಿ ನೀರು. ನಾನು ಮದುವೆಯಾಗಿ ಬರುವಷ್ಟರಲ್ಲಿ ಅದೆಲ್ಲ ಮಾಯ. ಮನೆಗೆ ಮನೆ ಅಂಟಿಕೊಂಡಿತ್ತು, ಮನೆಯ ಸುತ್ತ ಇದ್ದ ಒಂದೆರಡು ಅಡಿ ಜಾಗಕ್ಕೂ ಸಿಮೆಂಟು ಬಳಿದಿದ್ದರು. ಒಂದು ಹಿಡಿ ಮಣ್ಣು ಬೇಕಾದರೆ ನರ್ಸರಿಗೆ ಹೋಗಬೇಕು! ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಕಪ್ಪೆ, ಗೊದಮೊಟ್ಟೆ ಬರೆದು ಬರೆದು ನನಗೇ ನಾಚಿಕೆಯಾಗುತ್ತಿತ್ತು. ಸಿಮೆಂಟು ಕಾಣದ ಒಂದು ತುಂಡು ನೆಲ ನನ್ನ ಕಣ್ಣೆದುರು ಉಳಿಯಬೇಕು. ನನಗೆ ಬೇಕಾಗಿದ್ದು ಅಷ್ಟೇ.

ಸೈಟು ಅನ್ನುವುದು ಹೆಸರಿಗೆ. ವರ್ಷಾನುಗಟ್ಟಲೆ ಅದು ಬೀದಿಯ ತಿಪ್ಪೆಯಾಗಿತ್ತು. ಮೇಲಿನ ಒಂದಡಿ ಮಣ್ಣೇ ಅಲ್ಲ. ರೆಡ್ ಆಕ್ಸೈಡ್ ನೆಲದ ಚೂರು, ಟಾನಿಕ್ ಸೀಸೆ, ಒಡೆದ ಬಲ್ಬು, ಬಳೆಚೂರು, ಯಾರದೋ ಮನೆಯ ಹಳೆಯ ಕಮೋಡು. ಅದರ ಮೇಲೆ ಎದೆಯುದ್ದ ಪಾರ್ಥೇನಿಯಂ. ನಮ್ಮವರು ದಿನಾ ಸಂಜೆ ಕಚೇರಿಯಿಂದ ಬಂದು, ಕಾಫಿ ಕುಡಿದು, ಲುಂಗಿ ಮೇಲೆ ಕಟ್ಟಿ ಹಾರೆ ಹಿಡಿಯುತ್ತಿದ್ದರು. ನಾನು ಮಂಕರಿ. ಪಾರ್ಥೇನಿಯಮ್ಮನ್ನು ಹೂ ಬಿಡುವ ಮುಂಚೆ ಬೇರುಸಹಿತ ಕೀಳಬೇಕು, ಇಲ್ಲದಿದ್ದರೆ ಕಿತ್ತದ್ದು ವ್ಯರ್ಥ. ಕೈಗೆ ಚೀಲ ಸುತ್ತಿಕೊಂಡರೂ ಮೊಣಕೈವರೆಗೆ ತುರಿಕೆಯೆದ್ದು, ಬೋರ್ಡಿನ ಮೇಲೆ ಬರೆಯುವಾಗ ನಾನು ಕೆರೆದುಕೊಳ್ಳುವುದನ್ನು ನೋಡಿ ಹುಡುಗಿಯರು ನಗುತ್ತಿದ್ದರು.

ಎರಡು ವರ್ಷ ಹೀಗೇ ಹೋಯಿತು. ಶಾಲೆಯ ಕಾಂಪೌಂಡಿನಲ್ಲಿ ಬಿದ್ದ ತರಗೆಲೆಯನ್ನು ಗೋಣಿಚೀಲದಲ್ಲಿ ತುಂಬಿ ತಂದೆವು. ಮಾರ್ಕೆಟ್ಟಿನಲ್ಲಿ ಬಿಸಾಡಿದ ಬಾಳೆದಿಂಡು, ಬಾಡಿದ ಹೂವು ನಮ್ಮವರ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಕೂತು ಬಂತು. ಹಿಂದಿನ ಬೀದಿಯಲ್ಲಿ ಕಡಿದ ಮರದ ಒಂದು ದಪ್ಪ ದಿಮ್ಮಿಯನ್ನು ಗಾಡಿಯವನ ಕೈಲಿ ಹೊರಿಸಿಕೊಂಡು ಬಂದು ಮೂಲೆಯಲ್ಲಿ ಕೊಳೆಯಲು ಬಿಟ್ಟೆವು. ಸುತ್ತ ಮೋಟು ಕಾಂಪೌಂಡು ಕಟ್ಟಿಸಿ, ಗೇಟು ಇಡಿಸಿ, ಹೊಂಗೆ, ನೇರಳೆ, ಅತ್ತಿ, ಲಕ್ಕಿ ನೆಟ್ಟೆವು. ತುಂಬೆ, ಉತ್ತರಾಣಿ ಯಾರೂ ಕರೆಯದೆ ತಾವೇ ಬಂದವು. ಇಳಿಜಾರಿನ ಕೆಳಗೆ ಒಂದು ಗುಂಡಿ ತೋಡಿದ್ದೆವು. ಮೂರನೆಯ ಮಳೆಗಾಲದಲ್ಲಿ ಅದರೊಳಗೆ ಕಪ್ಪೆ ಕೂಗಿದಾಗ ನಾನು ಒಲೆಯ ಮೇಲೆ ಹಾಲು ಬಿಟ್ಟು ಓಡಿದೆ. ಹಾಲು ಉಕ್ಕಿ ಹೋಯಿತು. ನಾನು ಅತ್ತುಬಿಟ್ಟೆ, ಅದನ್ನು ಮುಚ್ಚಿಡುವುದೇನು.

ಬೀದಿಯವರಿಗೆ ಆ ಕಪ್ಪೆ ಕೂಗೂ ತಡೆಯಲಿಲ್ಲ. ‘ಮೇಡಂ, ಎಲ್ಲಾರೂ ಕಾಡು ಕಡಿದು ಸೈಟ್ ಮಾಡ್ತಾರೆ. ನೀವು ಸೈಟ್ ತಗೊಂಡು ಕಾಡು ಮಾಡ್ತಿದೀರಲ್ಲ!’ ಎಂದು ಎದುರುಮನೆಯವರು ಗೇಟಿನಿಂದಲೇ ಕೂಗುತ್ತಿದ್ದರು. ಸರ್ಕಾರಿ ಇಂಜಿನಿಯರಾಗಿ ರಿಟೈರಾದವರು. ಅವರ ಮನೆ ಸುತ್ತ ನುಣ್ಣನೆಯ ಸಿಮೆಂಟು. ದಿನಾ ಬೆಳಿಗ್ಗೆ ಪೈಪ್ ಹಿಡಿದು ಅದಕ್ಕೆ ಸ್ನಾನ ಮಾಡಿಸುತ್ತಿದ್ದರು. ‘ಹಾವು ಬಂದ್ರೆ ಯಾರು ಜವಾಬ್ದಾರಿ? ಸೊಳ್ಳೆ ಬಂದ್ರೆ ಯಾರು?’ ಕಪ್ಪೆ ಇದ್ದರೆ ಸೊಳ್ಳೆ ಕಮ್ಮಿಯಾಗುತ್ತದೆ ಸಾರ್ ಎಂದು ನಾನು ಪಾಠ ಹೇಳಲು ಹೋದೆ. ‘ಅದನ್ನ ನಿಮ್ಮ ಸ್ಟೂಡೆಂಟ್ಸಿಗೆ ಹೇಳಿ’ ಅಂದರು. ಕಾರ್ಪೊರೇಷನ್ನಿಗೆ ಅರ್ಜಿ ಬರೆದು ಬೀದಿಯವರ ಹತ್ತಿರವೆಲ್ಲ ಸಹಿ ಹಾಕಿಸಿದರು. ಇನ್ಸ್‌ಪೆಕ್ಟರು ಬಂದು ನೋಡಿ, ಸ್ವಂತ ಜಾಗದಲ್ಲಿ ಗಿಡ ಬೆಳೆಸಿದರೆ ನಾವೇನು ಮಾಡೋಣ ಎಂದು ಹೊರಟುಹೋದರು.

ಅರ್ಜಿ ಸೋತ ಮೇಲೆ ಕಸ ಶುರುವಾಯಿತು. ಮುಂಚೆ ತಿಪ್ಪೆಯೆಂದು ಹಾಕುತ್ತಿದ್ದರು, ಈಗ ಹಟಕ್ಕೆ. ಬೆಳಗಾದರೆ ಕಾಂಪೌಂಡಿನ ಮೇಲಿಂದ ಪ್ಲಾಸ್ಟಿಕ್ ಚೀಲಗಳು ದೊಪ್ ದೊಪ್ ಎಂದು ಬೀಳುತ್ತಿದ್ದವು. ತುಂಬೆಯ ಮೇಲೆ ಹಳಸಿದ ಹುಳಿ, ಲಕ್ಕಿಯ ಕೊಂಬೆಗೆ ತಲೆಗೂದಲ ಉಂಡೆ. ನನ್ನ ಬಾಯಿ ಮೊದಲೇ ಜೋರು, ಬೀದಿಯಲ್ಲಿ ನಿಂತು ಬೈದೆ. ಬೈದಷ್ಟೂ ಜಾಸ್ತಿಯಾಯಿತು. ಒಂದು ದಿನ ಕಸದ ಚೀಲದಲ್ಲಿ ಎದುರುಮನೆಯವರ ವಿಳಾಸ ಬರೆದಿದ್ದ ಮದುವೆ ಕಾಗದ ಸಿಕ್ಕಿತು. ಚೀಲವನ್ನು ಹಾಗೇ ಎತ್ತಿಕೊಂಡು ಹೋಗಿ, ಆಗತಾನೇ ತೊಳೆದಿದ್ದ ಅವರ ಸಿಮೆಂಟಿನ ಮೇಲೆ ಸುರಿದೆ.

‘ನಿಮ್ಮ ಟಪಾಲು ನಮ್ಮ ಸೈಟಿಗೆ ಬಂದ್ಬಿಟ್ಟಿದೆ ಸಾರ್.’

‘ಕೆಲಸದವಳು ಹಾಕಿರ್ಬೇಕು’ ಅಂದರು, ನನ್ನ ಮುಖ ನೋಡದೆ.

ಮಾರನೆಯ ದಿನ ಎರಡು ಚೀಲ ಬಿದ್ದವು. ಎರಡರಲ್ಲೂ ಒಂದು ಚೂರು ಕಾಗದವಿರಲಿಲ್ಲ. ಇಂಜಿನಿಯರ್ ಅಲ್ಲವೇ!

ಆಗ ನನಗೆ ಆ ದರಿದ್ರ ಉಪಾಯ ಹೊಳೆಯಿತು. ನಮ್ಮೂರಿನಲ್ಲಿ ಗಂಡಸರು ಗೋಡೆಗೆ ಉಚ್ಚೆ ಹೊಯ್ಯದಿರಲೆಂದು ದೇವರ ಟೈಲ್ಸ್ ಅಂಟಿಸುವುದನ್ನು ಎಲ್ಲರೂ ನೋಡಿದ್ದೀರಿ. ‘ಇಲ್ಲಿ ಮೂತ್ರ ಮಾಡಬಾರದು’ ಎಂಬ ಬರಹದ ಮೇಲೆಯೇ ಹೊಯ್ಯುವವನು ದೇವರ ಪಟ ಕಂಡರೆ ನಾಲ್ಕು ಹೆಜ್ಜೆ ಮುಂದೆ ಹೋಗುತ್ತಾನೆ. ಈ ಜನಕ್ಕೆ ನಾನು ಬೇಡ, ಕಾನೂನು ಬೇಡ, ದೇವರೇ ಸರಿ ಅಂದುಕೊಂಡೆ. ಗುಂಡಿ ತೋಡುವಾಗ ಸಿಕ್ಕಿದ್ದ, ಮೊಳದುದ್ದದ ಒಂದು ನುಣುಪು ಕಲ್ಲಿತ್ತು. ತೊಳೆದು, ಅರಿಶಿನ ಬಳಿದು, ಕುಂಕುಮವಿಟ್ಟು, ಒಂದು ಮೊಳ ಸೇವಂತಿಗೆ ಸುತ್ತಿ, ಬೀದಿಗೆ ಕಾಣುವ ಹಾಗೆ ಹೊಂಗೆಯ ಬುಡದಲ್ಲಿ ನಿಲ್ಲಿಸಿದೆ. ಶುಕ್ರವಾರ ನೋಡಿಕೊಂಡೇ ನಿಲ್ಲಿಸಿದೆ.

ನಮ್ಮವರು ನೋಡಿ ಹಣೆ ಚಚ್ಚಿಕೊಂಡರು. ‘ಬೀದೀಲಿ ಹೋಗೋ ಮಾರೀನ ಮನೆಗೆ ಕರೀತಿದೀಯಲ್ಲೇ.’

‘ಸುಮ್ನಿರ್ರೀ. ಕಸ ನಿಂತ ಮೇಲೆ ತೆಗೆದುಹಾಕ್ತೀನಿ.’

‘ದೇವರನ್ನ ಕೂರಿಸೋದು ಸುಲಭ ಕಣೇ. ಎಬ್ಬಿಸೋದು ನಿನ್ನ ಕೈಲಾಗಲ್ಲ.’

ಶನಿವಾರ ಒಂದೇ ಒಂದು ಚೀಲ ಬೀಳಲಿಲ್ಲ. ಭಾನುವಾರವೂ ಇಲ್ಲ. ನಾನು ಬೀಗಿದ್ದೇ ಬೀಗಿದ್ದು. ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ನಕ್ಕೆ. ಕಲ್ಲು ತೆಗೆಯಲಿಲ್ಲ, ತೆಗೆದರೆ ಕಸ ಮತ್ತೆ ಬರುತ್ತದೆ ಎಂಬ ಭಯ. ನಾಲ್ಕು ವರ್ಷ ನೆಮ್ಮದಿಯಾಗಿದ್ದೆವು. ಹೊಂಗೆ ಕಾಂಪೌಂಡು ದಾಟಿತು. ಪಿಕಳಾರ, ಸೂರಕ್ಕಿ ಬಂದವು. ಲಕ್ಕಿಯ ಪೊದೆಯಲ್ಲಿ ಕೆಂಬೂತ ಗೂಡು ಕಟ್ಟಿತು. ಒಂದು ಕೇರೆಹಾವು ಬಂದ ಮೇಲೆ ನಮ್ಮ ಅಡುಗೆಮನೆಗೆ ಇಲಿ ನುಗ್ಗುವುದು ನಿಂತಿತು. ಕೊಳೆಯಲು ಬಿಟ್ಟ ದಿಮ್ಮಿಗೆ ಗೆದ್ದಲು ಹಿಡಿದು, ಅದರ ಮೇಲೆ ಒಂದು ಹುತ್ತ ಎದ್ದಿತು. ಹುತ್ತ ಬಂತೆಂದರೆ ನೆಲಕ್ಕೆ ಜೀವ ಬಂತೆಂದು ನಾನು ಕುಣಿದಾಡಿದೆ. ಅದೇ ನಮ್ಮ ಕೊರಳಿಗೆ ಬಂತು.

ಕಲ್ಲಿಗೆ ಮೊದಲು ದೀಪ ತಂದವರು ಮೂಲೆಮನೆಯ ಅಮ್ಮ. ಮೊದಲೆಲ್ಲ ಅದು ಯಾವ ದೇವರೆಂದು ಯಾರಿಗೂ ಗೊತ್ತಿರಲಿಲ್ಲ. ಕೆಲವರು ಅಮ್ಮನವರು ಅನ್ನುತ್ತಿದ್ದರು, ಕೆಲವರು ಮುನೇಶ್ವರ. ಹುತ್ತ ಎದ್ದು, ಅದರ ಪಕ್ಕ ಕೇರೆಹಾವು ಬಿಸಿಲು ಕಾಯಿಸುವುದನ್ನು ಮೂಲೆಮನೆಯ ಅಮ್ಮ ಕಣ್ಣಾರೆ ಕಂಡ ದಿನ ಕಲ್ಲು ನಾಗಪ್ಪನಾಯಿತು. ಅವರ ಸೊಸೆಗೆ ಏಳು ವರ್ಷ ಮಕ್ಕಳಾಗಿರಲಿಲ್ಲ. ಕಲ್ಲು ಸುತ್ತಿದಳು. ವರ್ಷದೊಳಗೆ ಹೆಣ್ಣುಮಗು ಹುಟ್ಟಿತು. ಆಮೇಲೆ ಕೇಳಬೇಕೇ! ತ್ಯಾಗರಾಜನಗರದಿಂದ ಜನ ಆಟೋ ಮಾಡಿಕೊಂಡು ಬಂದರು. ಗೇಟಿಗೆ ಬೀಗ ಹಾಕಿದರೆ ಕಾಂಪೌಂಡು ಹತ್ತಿ ಇಳಿದರು. ‘ನೀವೂ ಸುತ್ತಬೇಕಿತ್ತು ಟೀಚರಮ್ಮ, ವಯಸ್ಸಿದ್ದಾಗ’ ಅಂದರು ಮೂಲೆಮನೆಯ ಅಮ್ಮ. ಆ ಮಾತಿಗೆ ನನ್ನ ಮೈ ಇವತ್ತಿಗೂ ಉರಿಯುತ್ತದೆ.

ನಾಗರಪಂಚಮಿಯ ದಿನ ಹುತ್ತಕ್ಕೆ ಎಷ್ಟು ಹಾಲು ಹೊಯ್ದರೆಂದರೆ ಅದು ಅರ್ಧಕ್ಕೆ ಕುಸಿಯಿತು. ಎರಡು ದಿನಕ್ಕೆ ಹಾಲು ಹುಳಿಬಂದು ನಾರಿತು, ಇರುವೆ ಮುತ್ತಿತು. ಸುತ್ತ ಕರ್ಪೂರದ ಪೊಟ್ಟಣ, ಊದುಬತ್ತಿ ಡಬ್ಬ, ಹಾಲಿನ ಖಾಲಿ ಕವರು. ಕಸ ನಿಲ್ಲಿಸಲು ಇಟ್ಟ ಕಲ್ಲಿನ ಬುಡದಲ್ಲಿ ಕಸ! ಕೇರೆಹಾವು ಹೊರಟುಹೋಯಿತು. ಹಾವಿನ ಮೇಲೆ ಅರ್ಜಿ ಬರೆದಿದ್ದ ಎದುರುಮನೆಯವರು ಶರಟು ಬಿಚ್ಚಿ, ಪಂಚೆ ಉಟ್ಟು, ತಾಮ್ರದ ತಂಬಿಗೆ ಹಿಡಿದು ಕ್ಯೂನಲ್ಲಿ ಮೊದಲು ನಿಂತಿದ್ದರು.

‘ಸಾರ್, ಅದು ಕೇರೆ. ಇಲಿ ತಿನ್ನುತ್ತೆ, ಹಾಲು ಕುಡಿಯಲ್ಲ’ ಅಂದೆ.

‘ಯಾವ್ದಾದ್ರೂ ಆಗ್ಲಿ ಮೇಡಂ, ನಾಗಪ್ಪನ ವಂಶ ತಾನೇ’ ಅಂದು ಅವರು ಕಣ್ಣು ಮುಚ್ಚಿದರು.

ಎರಡು ಸಾವಿರದ ಇಸವಿ ದಾಟಿತ್ತು. ಆ ಬೇಸಿಗೆಯಲ್ಲಿ ನಾನು ಎಸ್ಸೆಸ್ಸೆಲ್ಸಿ ಪತ್ರಿಕೆ ತಿದ್ದಲು ದಿನಾ ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದೆ, ನಮ್ಮವರು ಕಚೇರಿಗೆ ಹೋಗಿರುತ್ತಿದ್ದರು. ಒಂದು ಸಂಜೆ ಬಸ್ಸಿಳಿದು ಬೀದಿಯ ತಿರುವಿಗೆ ಬಂದಾಗ ನಮ್ಮ ಮನೆಯ ಪಕ್ಕದ ಗೋಡೆ ಬುಡದವರೆಗೂ ಕಂಡಿತು. ಹತ್ತು ವರ್ಷದಿಂದ ಆ ಗೋಡೆಯನ್ನು ನಾನು ಬೀದಿಯಿಂದ ನೋಡಿರಲಿಲ್ಲ. ಲಕ್ಕಿ ಇಲ್ಲ, ಅತ್ತಿ ಇಲ್ಲ, ನೇರಳೆ ಇಲ್ಲ, ನೆಲದಲ್ಲಿ ಒಂದು ಹುಲ್ಲಿಲ್ಲ. ಹೊಂಗೆಯನ್ನು ಮಾತ್ರ ನೆರಳಿಗೆಂದು ಉಳಿಸಿ, ಅದರ ಬುಡಕ್ಕೆ ಸಿಮೆಂಟಿನ ಕಟ್ಟೆ ಕಟ್ಟಿದ್ದರು. ಕಟ್ಟೆಯ ನಡುವೆ ನನ್ನ ಕಲ್ಲು. ಕಟ್ಟೆಯ ಸುತ್ತ ಪ್ರದಕ್ಷಿಣೆಗೆಂದು ಕಾಂಕ್ರೀಟು, ಇನ್ನೂ ಹಸಿಯಾಗಿತ್ತು. ಕಪ್ಪೆಯ ಗುಂಡಿಯನ್ನು ಮುಚ್ಚಿಯೇಬಿಟ್ಟಿದ್ದರು. ಎದುರುಮನೆಯವರು ಗಾರೆಯವರಿಗೆ ಟೀ ಕೊಡಿಸುತ್ತ ನಿಂತಿದ್ದರು. ಬೀದಿಯವರೆಲ್ಲ ಇದ್ದರು. ಎಲ್ಲರ ಮುಖದಲ್ಲೂ ನಗು.

‘ಬನ್ನಿ ಮೇಡಂ ಬನ್ನಿ! ನಿಮಗೇ ಕಾಯ್ತಿದ್ವಿ. ಎಲ್ಲಾರೂ ಸೇರಿ ಕ್ಲೀನ್ ಮಾಡಿಸ್ಬಿಟ್ವಿ. ನೀವಿಬ್ಬರೇ ಎಷ್ಟು ಅಂತ ಒದ್ದಾಡ್ತೀರಾ, ಪಾಪ.’

ನಾನು ಏನು ಬೈದೆನೋ ನನಗೆ ನೆನಪಿಲ್ಲ. ಕಳ್ಳರು ಅಂದೆ, ಕೊಲೆಗಡುಕರು ಅಂದೆ, ನಿಮ್ಮ ಮನೆ ಹಾಳಾಗ ಅಂದೆ. ಟೀಚರಾಗಿ ಆಡಬಾರದ ಮಾತನ್ನೂ ಆಡಿದೆ. ಕಡಿದ ಲಕ್ಕಿಯ ರಾಶಿಯಲ್ಲಿ ಕೈ ಹಾಕಿ ಹುಡುಕಿದೆ. ಗೂಡು ಸಿಕ್ಕಿತು, ಮೊಟ್ಟೆ ಒಡೆದಿತ್ತು. ಅದನ್ನು ಎದುರುಮನೆಯವರ ಮುಖಕ್ಕೆ ಹಿಡಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು, ‘ದೇವರ ಜಾಗದಲ್ಲಿ ನಿಂತ್ಕೊಂಡು ಹಂಗೆಲ್ಲ ಮಾತಾಡ್ಬೇಡಿ ಮೇಡಂ, ಒಳ್ಳೇದಲ್ಲ’ ಅಂದರು.

‘ಇದು ನನ್ನ ಜಾಗ!’

‘ದೇವರು ಬಂದು ಕೂತ ಮೇಲೆ ನಿಮ್ದೂ ಅಲ್ಲ, ನಮ್ದೂ ಅಲ್ಲ.’

‘ದೇವರು ಬರ್ಲಿಲ್ಲ ಸಾರ್. ನೀವು ಕಸ ಹಾಕ್ತೀರಾ ಅಂತ ನಾನೇ ಆ ಕಲ್ಲು ತಂದಿಟ್ಟೆ!’

ಮೂಲೆಮನೆಯ ಅಮ್ಮ ಕೆನ್ನೆ ಬಡಿದುಕೊಂಡರು. ‘ಅಯ್ಯೋ, ನಿಮ್ಮ ಕೈಲೇ ಇಡಿಸ್ಕೊಂಡಿದಾನಲ್ಲ ಟೀಚರಮ್ಮ, ಎಂಥಾ ಪುಣ್ಯ ಮಾಡಿದೀರಿ!’ ಸುತ್ತ ಇದ್ದ ಹೆಂಗಸರು ಕೈ ಮುಗಿದರು. ಯಾರಿಗೆ ಮುಗಿದರೋ, ಕಲ್ಲಿಗೋ, ನನಗೋ. ಒಬ್ಬಳು ನನ್ನ ಕಾಲು ಮುಟ್ಟಲು ಬಂದಳು. ಕೈಯಲ್ಲಿ ಒಡೆದ ಮೊಟ್ಟೆ ಹಿಡಿದುಕೊಂಡು ನಾನು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಬೆಳಿಗ್ಗೆ ಎದ್ದವಳೇ ನಮ್ಮವರ ಹಾರೆ ತೆಗೆದುಕೊಂಡು ಹೋದೆ. ಕಟ್ಟೆ ಒಡೆದು ಕಲ್ಲನ್ನು ಕಿತ್ತು ಎಸೆಯುವುದೆಂದು ನಿರ್ಧರಿಸಿದ್ದೆ. ಮೂಲೆಮನೆಯ ಅಮ್ಮ ಆಗಲೇ ಸ್ನಾನ ಮಾಡಿ, ಮೊಮ್ಮಗಳನ್ನು ಎತ್ತಿಕೊಂಡು ಅಲ್ಲಿ ನಿಂತಿದ್ದರು. ಹಾರೆ ನೋಡಿ ಓಡಿಹೋಗಲಿಲ್ಲ.

‘ಈ ಕೂಸು ಇವನು ಕೊಟ್ಟಿದ್ದು. ಹೊಡೀತೀರಾ? ಹೊಡೀರಿ. ನಾವಿಬ್ರೂ ಇಲ್ಲೇ ನಿಂತಿರ್ತೀವಿ.’

ಮಗು ನನ್ನನ್ನು ನೋಡಿ ನಕ್ಕಿತು. ಹಾರೆ ಎತ್ತಿದ್ದೆ. ಎತ್ತಿದ ಕೈ ಕೆಳಗಿಳಿಯಿತು. ದಯೆಯಿಂದ ಇಳಿಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಹೊಡೆದ ಮೇಲೆ ಆ ಮಗುವಿಗೆ ಒಂದು ದಿನ ಜ್ವರ ಬಂದರೂ ಬೀದಿ ನನ್ನನ್ನು ಬದುಕಗೊಡುವುದಿಲ್ಲ ಎಂಬ ಭಯ. ಅದರ ಜೊತೆ ಇನ್ನೊಂದು ಭಯವೂ ಇತ್ತು: ಅಕಸ್ಮಾತ್ ನಿಜವಾಗಿದ್ದರೆ? ಜೀವಶಾಸ್ತ್ರದ ಟೀಚರು ನಾನು! ಥೂ ನನ್ನ ಜನ್ಮಕ್ಕೆ ಅಂದುಕೊಂಡೆ. ಹಾರೆಯನ್ನು ಎಳೆದುಕೊಂಡು ವಾಪಸು ಬಂದೆ.

ಸ್ಟೇಷನ್ನಿಗೆ ಹೋದೆವು. ಜಾಗ ನೋಡಲು ಬಂದ ಪೊಲೀಸರು ಗೇಟಿನಲ್ಲಿ ಬೂಟು ಬಿಚ್ಚಿದರು. ಅಲ್ಲಿಗೆ ಮುಗಿಯಿತು. ವಕೀಲರು ಪತ್ರಗಳನ್ನೆಲ್ಲ ಓದಿ, ‘ಜಾಗ ನಿಮ್ಮದೇ, ಅನುಮಾನವಿಲ್ಲ. ದೇವರನ್ನ ಕೂರಿಸಿದ್ದು ಯಾರು?’ ಅಂದರು. ನಾನೇ ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಕೇಸು ಹಾಕೋಣ ಅಂದ್ರೆ ಹಾಕೋಣ. ಆದ್ರೆ ಆ ಬೀದೀಲೇ ಇರ್ಬೇಕಲ್ಲ ತಾಯಿ ನೀವು?’ ವಾಪಸು ಬರುವಾಗ ನಮ್ಮವರು, ಇರಲಾರದೆ ಇರುವೆ ಬಿಟ್ಟುಕೊಂಡೆಯಲ್ಲೇ ಎಂದು ಒಂದು ಸಲ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ.

ಆರು ತಿಂಗಳಲ್ಲಿ ಉಳಿದ ನೆಲಕ್ಕೂ ಕಾಂಕ್ರೀಟು ಬಿತ್ತು. ಕಲ್ಲಿನ ಮೇಲೆ ಪುಟ್ಟ ಗೋಪುರ ಎದ್ದಿತು. ಹಾಲಿನಲ್ಲಿ ಕುಸಿದ ಹುತ್ತದ ಜಾಗದಲ್ಲಿ ಸಿಮೆಂಟಿನ ಹುತ್ತ ಮಾಡಿ ಬಣ್ಣ ಬಳಿದರು. ಪ್ರತಿಷ್ಠೆಯ ದಿನ ಎದುರುಮನೆಯವರು ಬೆಳಿಗ್ಗೆಯೇ ಬಂದು, ‘ನೀವಿಲ್ದೆ ಶುರು ಮಾಡಲ್ಲ ಮೇಡಂ’ ಎಂದು ನಮ್ಮ ವರಾಂಡದಲ್ಲಿ ಕೂತುಬಿಟ್ಟರು. ಹೋದೆ. ಹೋಗಿದ್ದು ಭಕ್ತಿಗಲ್ಲ, ಮೈಕಿನಲ್ಲಿ ಎಲ್ಲರ ಎದುರು ಉಗಿಯೋಣ ಎಂದು. ಗೋಡೆಯಲ್ಲಿ ಅಮೃತಶಿಲೆಯ ಹಲಗೆ ಕೂರಿಸಿದ್ದರು. ‘ಸ್ಥಳದಾನಿಗಳು’ ಎಂದು ಮೇಲೆ, ಕೆಳಗೆ ನನ್ನ ಹೆಸರು, ಅದರ ಪಕ್ಕ ನಮ್ಮವರ ಹೆಸರು.

ಮೈಕು ಕೈಗೆ ಕೊಟ್ಟರು. ಒಂದು ಮಾತೂ ಬಿಡದೆ ಹೇಳಿದೆ. ‘ನಾನು ಈ ಜಾಗ ದಾನ ಕೊಟ್ಟಿಲ್ಲ. ಇಲ್ಲಿ ಕಪ್ಪೆ ಇತ್ತು, ಹಾವಿತ್ತು, ಹಕ್ಕಿಯಿತ್ತು, ಎಲ್ಲಾ ಹಾಳು ಮಾಡಿದ್ರಿ. ಇದು ಗುಂಡಿ ತೋಡುವಾಗ ಸಿಕ್ಕಿದ ಕಲ್ಲು. ನೀವು ಕಸ ಬಿಸಾಡ್ತಿದ್ರಿ, ಅದಕ್ಕೇ ಇಟ್ಟೆ.’ ಎದುರಿಗೆ ಕೂತಿದ್ದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಚಪ್ಪಾಳೆ ಬಿತ್ತು. ಎದುರುಮನೆಯವರು ಮೈಕು ತೆಗೆದುಕೊಂಡು, ‘ನೋಡಿ, ಕಸದ ಜಾಗದಲ್ಲಿ ದೇವರನ್ನ ಕಂಡ ತಾಯಿ. ಎಷ್ಟು ದೊಡ್ಡ ಮನಸ್ಸು, ದಾನ ಕೊಟ್ಟು ಕೊಟ್ಟಿಲ್ಲ ಅಂತಾರೆ’ ಅಂದರು.

ಮೊದಲ ಮಂಗಳಾರತಿ ದಾನಿಗಳಿಗೇ ಎಂದು ಯಾರೋ ಕೂಗಿದರು. ಎದುರುಮನೆಯವರೇ ತಟ್ಟೆ ಹಿಡಿದು ನನ್ನ ಮುಂದೆ ಬಂದು ನಿಂತರು. ತಟ್ಟೆಯನ್ನು ತಳ್ಳಿಬಿಡಬೇಕು, ಅವರ ಪಂಚೆಯ ಮೇಲೆ ಕರ್ಪೂರ ಬೀಳಬೇಕು ಎಂದು ನನ್ನ ಮನಸ್ಸಿನಲ್ಲಿ ಸ್ಪಷ್ಟವಾಗಿತ್ತು. ನನ್ನೆರಡು ಕೈಗಳು ಎದ್ದವು, ಉರಿಯ ಮೇಲೆ ಬಾಗಿದವು, ವಾಪಸು ಬಂದು ಕಣ್ಣಿಗೆ ಒತ್ತಿಕೊಂಡವು. ಹುಟ್ಟಿದಾಗಿನಿಂದ ಮಾಡಿದ್ದು, ನನ್ನನ್ನು ಕೇಳಲೂ ಇಲ್ಲ. ಕೈ ತೆಗೆದು ನೋಡಿದಾಗ ಎದುರುಮನೆಯವರು ನಗುತ್ತಿರಲಿಲ್ಲ. ತೃಪ್ತಿಯಿಂದ ಒಮ್ಮೆ ತಲೆಯಾಡಿಸಿ, ತಟ್ಟೆಯನ್ನು ನಮ್ಮವರ ಕಡೆಗೆ ಒಯ್ದರು. ನಮ್ಮವರು ಕೈ ಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದರು.